ಸದ್ದು ಟೀಚರ್ ತೋರಿಸಿದ ಬ್ಯಾಲೆ

ನಮ್ಮ ಶಾಲೆಯಲ್ಲಿ ಅವರ ನಿಜವಾದ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ. ಮಕ್ಕಳಿಗೆ, ಮಕ್ಕಳ ಅಪ್ಪ ಅಮ್ಮಂದಿರಿಗೆ, ಕೊನೆಗೆ ಗೇಟಿನ ಕಾವಲುಗಾರನಿಗೂ ಅವರು ಸದ್ದು ಟೀಚರ್. ಮೂರನೇ ತರಗತಿಯ ಬಾಗಿಲಲ್ಲಿ ನಿಂತು ಒಂದೇ ಒಂದು ಸಲ "ಸದ್ದು!" ಎಂದರೆ ಸಾಕು, ಸಂತೆಯಂತಿದ್ದ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುವುದಷ್ಟೇ ಕೇಳಿಸುತ್ತಿತ್ತು. ಕೂಗಿ ಹೇಳಿದವರೇ ಅಲ್ಲ. ಪಕ್ಕದ ಮನೆಯವರ ಹತ್ತಿರ ಸೂಜಿ ಕೇಳುವ ದನಿಯಲ್ಲಿ ಹೇಳುತ್ತಿದ್ದರು.

ನಾನು ಆ ಶಾಲೆಗೆ ಹೊಸದಾಗಿ ಸೇರಿದಾಗ ಅವರ ನಿವೃತ್ತಿ ಹತ್ತಿರವಾಗಿತ್ತು. ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿ ಅವರ ಎದುರಿಗೆ. ಕಿಟಕಿ ತೆಗೆದರೆ ಬಿಸ್ಕತ್ ಕಾರ್ಖಾನೆಯ ಹಿಂಗೋಡೆ. ಒಲೆ ಹೊತ್ತಿಸಿದ ಹೊತ್ತಿಗೆ ಸಕ್ಕರೆ ಬೇಯುವ ವಾಸನೆ ಒಳಗೆಲ್ಲ ತುಂಬಿಕೊಳ್ಳುತ್ತಿತ್ತು. ಹೊರಗಿನಿಂದ ಬಂದವರು "ಆಹಾ, ಏನು ಪುಣ್ಯವಂತರಪ್ಪ ನೀವು" ಎನ್ನುತ್ತಿದ್ದರು. ನಮಗೋ, ಬಿಸ್ಕತ್ತು ಬಾಯಿಗಿಡುವ ಮನಸ್ಸೇ ಆಗುತ್ತಿರಲಿಲ್ಲ. ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ಆ ಕಾರ್ಖಾನೆಯ ಕೆಲಸಗಾರರ ಮಕ್ಕಳೇ. ದೊಡ್ಡವರಾದ ಮೇಲೆ ಅವರೂ ಅದೇ ಗೇಟಿನೊಳಗೆ ಹೋಗುತ್ತಿದ್ದರು. ಶಾಲೆಗೂ ಕಾರ್ಖಾನೆಗೂ ನಡುವೆ ಇದ್ದದ್ದು ಒಂದು ಗೋಡೆ, ಅಷ್ಟೆ.

ಇಲ್ಲಿ ನಾನು ಹೇಳುವುದರಲ್ಲಿ ಹೆಚ್ಚಿನದು ಅವರ ಬಾಯಿಂದಲೇ ಚೂರುಚೂರಾಗಿ ಕೇಳಿದ್ದು. ಕೊನೆಯ ಭಾಗ ಮಾತ್ರ ನಾನೇ ಕಂಡದ್ದು.

ಸದ್ದು ಟೀಚರ ಅಪ್ಪ ಊರಿನ ದೊಡ್ಡ ರಂಗಮಂದಿರದಲ್ಲಿ ದೀಪ ನೋಡಿಕೊಳ್ಳುತ್ತಿದ್ದರು. ತಾಯಿ ಇಲ್ಲದ ಮಗಳನ್ನು ಮನೆಯಲ್ಲಿ ಬಿಟ್ಟು ಬರಲಾಗದೆ ಜೊತೆಯಲ್ಲೇ ಕರೆದುಕೊಂಡು ಹೋಗಿ, ಸಭಾಂಗಣದ ಹಿಂಭಾಗದಲ್ಲಿದ್ದ ದೀಪದ ಗೂಡಿನಲ್ಲಿ ಒಂದು ಸ್ಟೂಲಿನ ಮೇಲೆ ಕೂರಿಸುತ್ತಿದ್ದರು. ಆ ಗಾಜಿನ ಕಿಂಡಿಯಿಂದ ಆಕೆ ನೋಡಿದ ಬ್ಯಾಲೆಗಳಿಗೆ ಲೆಕ್ಕವಿಲ್ಲ. ತಾನೂ ಕುಣಿಯಬೇಕು ಎಂದು ಆಕೆಗೆ ಒಮ್ಮೆಯೂ ಅನ್ನಿಸಲಿಲ್ಲವಂತೆ. "ನಾನು ನೋಡೋಕೆ ಹುಟ್ಟಿದೋಳು ಕಣೇ," ಎನ್ನುತ್ತಿದ್ದರು ನನಗೆ. "ಯಾರಾದ್ರೂ ನೋಡೋರೂ ಬೇಕಲ್ಲ?"

ಮದುವೆಯಾಗಲಿಲ್ಲ. ತಮ್ಮನ ಮನೆಯ ಮಹಡಿಯ ಕೋಣೆಯಲ್ಲಿ ಇದ್ದರು. ಶಾಲೆಗೆ ಸೇರಿದ ಮೊದಲ ವರ್ಷದಿಂದಲೇ ಅವರು ಒಂದು ಪದ್ಧತಿ ಹಾಕಿಕೊಂಡಿದ್ದರು. ಶಾಲೆ ಮಕ್ಕಳಿಗೆಂದು ರಂಗಮಂದಿರದವರು ವರ್ಷಕ್ಕೊಮ್ಮೆ ಬೆಳಗಿನ ಹೊತ್ತು ಬ್ಯಾಲೆ ಇಡುತ್ತಿದ್ದರು. ಮೂರನೇ ತರಗತಿಯನ್ನು ಅದಕ್ಕೆ ಕರೆದುಕೊಂಡು ಹೋಗುವುದು. ಹೆಡ್‌ಮಾಸ್ಟರು ಮೂಗು ಮುರಿಯುತ್ತಿದ್ದರು.

"ಅಲ್ಲ ಟೀಚರ್, ಕುಣಿತ ನೋಡಿದ್ರೆ ಗುಣಾಕಾರ ಬರುತ್ತಾ?"

"ಗುಣಾಕಾರ ಬರಲ್ಲ ಸರ್. ಸುಮ್ನೆ ಕೂತು ಇನ್ನೊಬ್ಬರನ್ನ ನೋಡೋದು ಬರುತ್ತೆ."

"ಅದು ಟೀವೀಲೂ ಬರುತ್ತಲ್ಲ!"

"ಟೀವೀಲಿ ಬೆವರು ಕಾಣಲ್ಲ ಸರ್."

ಹೆಡ್‌ಮಾಸ್ಟರು ನಕ್ಕು ಒಪ್ಪಿಗೆ ಕೊಡುತ್ತಿದ್ದರು. ಒಪ್ಪಿಗೆ ಕೊಡದಿದ್ದರೆ ಮರುದಿನ ಮತ್ತೆ ಬಂದು ಅದೇ ಮಾತು ಆಡುತ್ತಾರೆ ಎಂದು ಅವರಿಗೆ ಗೊತ್ತಿತ್ತು.

ಹೊರಡುವ ಮುಂಚೆ ಟೀಚರು ಮಕ್ಕಳನ್ನು ತಯಾರು ಮಾಡುತ್ತಿದ್ದ ರೀತಿ ನೋಡಬೇಕಿತ್ತಂತೆ. ಬೆಂಚುಗಳನ್ನು ಸಾಲಾಗಿ ಜೋಡಿಸಿ ಅದೇ ರಂಗಮಂದಿರ ಎನ್ನುವುದು. ಒಬ್ಬರ ಮೊಣಕಾಲು ದಾಟಿ ಇನ್ನೊಬ್ಬರು ಹೇಗೆ ಒಳಗೆ ಹೋಗಬೇಕು, ಕೆಮ್ಮು ಬಂದರೆ ಏನು ಮಾಡಬೇಕು, ಚಪ್ಪಾಳೆ ಯಾವಾಗ. ಕಥೆಯನ್ನು ಮೊದಲೇ ಹೇಳಿಬಿಡುತ್ತಿದ್ದರು. ಮಾತೇ ಇಲ್ಲದೆ ಅದೇ ಕಥೆ ಹೇಗೆ ಬರುತ್ತದೆ ಎಂದು ಹುಡುಕುವುದು ಮಕ್ಕಳ ಕೆಲಸ. ಕೈ ಹೀಗೆ ಎತ್ತಿದರೆ ಕರೆಯುವುದಾ, ಬೇಡ ಅನ್ನುವುದಾ? ಬೆನ್ನು ತಿರುಗಿಸಿ ನಿಂತವನು ಸಿಟ್ಟಾಗಿದ್ದಾನಾ, ಅಳುತ್ತಿದ್ದಾನಾ? ಮನೆಯಲ್ಲಿ ಅಮ್ಮ ಮಾತಾಡದೆ ಪಾತ್ರೆ ಕುಕ್ಕಿದರೆ ಏನರ್ಥ ಎಂದು ಆ ಮಕ್ಕಳಿಗೆ ಮೊದಲೇ ಗೊತ್ತಿತ್ತು. ಇದೂ ಅದೇ ಎನ್ನುತ್ತಿದ್ದರು ಟೀಚರು.

ಕೊಕ್ಕರೆ ಎಂಬ ಹುಡುಗಿ ಅವರ ತರಗತಿಗೆ ಬಂದದ್ದು ಹೀಗೇ ಒಂದು ವರ್ಷ. ಉದ್ದ ಕಾಲು, ಉದ್ದ ಕತ್ತು, ಸಮವಸ್ತ್ರದ ಲಂಗ ಯಾವಾಗಲೂ ಮೊಣಕಾಲಿಗಿಂತ ಮೇಲೆ. ಓದಿನಲ್ಲಿ ಮುಂದೂ ಅಲ್ಲ, ಹಿಂದೂ ಅಲ್ಲ. ಅಪ್ಪ ಲಾರಿ ಹತ್ತಿ ಹೋದವನು, ಲಾರಿ ವಾಪಸ್ ಬಂದರೂ ಅವನು ಬಂದಿರಲಿಲ್ಲ. ಅಮ್ಮ ಕಾರ್ಖಾನೆಯಲ್ಲಿ ಬಿಸ್ಕತ್ತು ಪ್ಯಾಕ್ ಮಾಡುತ್ತಿದ್ದಳು. ಕೊಕ್ಕರೆ ಎಂಬ ಹೆಸರಿಟ್ಟದ್ದು ತರಗತಿಯ ಮಕ್ಕಳೇ. ಅವಳು ಅದಕ್ಕೆ ಬೇಜಾರು ಮಾಡಿಕೊಂಡವಳಲ್ಲ, ಕರೆದರೆ "ಹೂಂ" ಎನ್ನುತ್ತಿದ್ದಳು.

ಆ ವರ್ಷದ ಬ್ಯಾಲೆಯಲ್ಲಿ ದೀಪಸ್ತಂಭ ಕಾಯುವವನ ಮಗಳೊಬ್ಬಳು ಕಡಲಹಕ್ಕಿಗಳ ಜೊತೆ ಹೊರಟು ಹೋಗುವ ಕಥೆ. ಅಂದು ಮೂರನೇ ತರಗತಿಗೆ ಮುಂದಿನ ಸಾಲುಗಳು ಸಿಕ್ಕಿದ್ದವು. ಅಷ್ಟು ಹತ್ತಿರದಿಂದ ನೋಡಿದರೆ ಬ್ಯಾಲೆ ಬೇರೆಯೇ. ಗಾಳಿಯಲ್ಲಿ ತೇಲುವಂತೆ ಕಾಣುವವರು ನೆಲಕ್ಕಿಳಿದಾಗ ಹಲಗೆ ಧಬ್ ಎನ್ನುತ್ತದೆ. ಎದೆ ಏರಿಳಿಯುವುದು ಕಾಣುತ್ತದೆ. ಮಗಳ ಪಾತ್ರದವಳು ಮೂರನೇ ಜಿಗಿತಕ್ಕೋ ಏನೋ ಕಾಲು ಜಾರಿ ಬಿದ್ದೇಬಿಟ್ಟಳು. ಇಡೀ ಸಭಾಂಗಣ ಉಸಿರು ಹಿಡಿಯಿತು. ವಾದ್ಯದವರು ನಿಲ್ಲಿಸಲಿಲ್ಲ. ಬಿದ್ದವಳು ಬಿದ್ದಲ್ಲಿಯೇ ಒಂದು ಕೈಯನ್ನು ನಿಧಾನವಾಗಿ ಮುಂದಕ್ಕೆ ಚಾಚಿ, ಅದೂ ಕುಣಿತದ ಭಾಗವೇ ಎನ್ನುವಂತೆ ಎದ್ದು, ಹಕ್ಕಿಗಳ ಸಾಲಿಗೆ ಸೇರಿಕೊಂಡಳು.

ಮರುದಿನ ತರಗತಿಯಲ್ಲಿ ಟೀಚರು ಎಂದಿನಂತೆ ಕೇಳಿದರು: "ನಿನ್ನೆ ಏನೇನು ನೋಡಿದ್ರಿ?"

"ಟೀಚರ್, ಆ ಅಣ್ಣ ಚಡ್ಡಿ ಹಾಕ್ಕೊಂಡಿರ್ಲಿಲ್ಲ!"

"ಹಾಕ್ಕೊಂಡಿದ್ದ ಕಣೋ, ಬಿಗಿಯಾಗಿತ್ತು ಅಷ್ಟೆ!"

"ಟೀಚರ್, ನನ್ನ ಸೀಟು ಸ್ಪ್ರಿಂಗ್ ಥರ ಮೇಲೆ ಕೆಳಗೆ ಹೋಗ್ತಿತ್ತು."

"ಟೀಚರ್, ಆ ಅಕ್ಕ ಬಿದ್ದಾಗ ಯಾರೂ ನಗಲಿಲ್ಲ."

ಈ ಕೊನೆಯ ಮಾತಿಗೆ ಟೀಚರಿಗೆ ಹೊಟ್ಟೆ ತಣ್ಣಗಾಯಿತಂತೆ. ಅಷ್ಟು ವರ್ಷ ಮಕ್ಕಳನ್ನು ಕರೆದುಕೊಂಡು ಹೋದದ್ದು ಇದಕ್ಕೇ ಅನ್ನಿಸಿತಂತೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಕೊಕ್ಕರೆ ಎದ್ದು ಬಂದಳು. ಕರಿಹಲಗೆಯ ಮುಂದಿನ ಜಾಗದಲ್ಲಿ ಜಾರಿ ಬಿದ್ದಳು. ಒಂದು ಕೈ ಚಾಚಿದಳು. ಎದ್ದಳು. ಕುಣಿತ ಒಂದೂ ಇಲ್ಲ, ಆ ಬೀಳುವುದು ಏಳುವುದು ಮಾತ್ರ. ಆದರೆ ಕತ್ತು ತಿರುಗಿದ್ದು, ಬೆರಳು ಬಿಚ್ಚಿಕೊಂಡದ್ದು ಎಲ್ಲ ಹಿಂದಿನ ದಿನ ಕಂಡಂತೆಯೇ. "ಎದೆ ಝಲ್ಲಂತು ಕಣೇ," ಎಂದರು ಟೀಚರು ನನಗೆ ಹೇಳುವಾಗ. "ಗೂಡಲ್ಲಿ ಕೂತು ಅಷ್ಟು ವರ್ಷ ನೋಡಿದ ಕಣ್ಣು ನಂದು. ತಪ್ಪಾಗೋಕೆ ಸಾಧ್ಯಾನೇ ಇರ್ಲಿಲ್ಲ."

ಆ ಸಂಜೆಯೇ ಕೊಕ್ಕರೆಯ ಮನೆಗೆ ಹೋದರು. ಒಂದೇ ಕೋಣೆ. ಮೂಲೆಯಲ್ಲಿ ಒಲೆ, ಗೋಡೆಗೆ ಒರಗಿಸಿಟ್ಟ ಮಂಚ. ಅಮ್ಮ ಆಗಷ್ಟೇ ಪಾಳಿ ಮುಗಿಸಿ ಬಂದು ಕಾಲು ನೀವಿಕೊಳ್ಳುತ್ತ ಕೂತಿದ್ದಳು.

"ರಂಗಮಂದಿರದವರದೇ ಬ್ಯಾಲೆ ಶಾಲೆ ಇದೆ. ಪುಕ್ಕಟೆ ಕಲಿಸ್ತಾರೆ. ಪರೀಕ್ಷೆ ಮಾಡಿ ತಗೋತಾರೆ. ನಾನು ಕರ್ಕೊಂಡು ಹೋಗ್ಲಾ?"

"ನಮ್ಮಂಥೋರಿಗೆ ಯಾಕಮ್ಮ ಅದೆಲ್ಲ?"

"ನಿಮ್ಮಂಥೋರು ಅಂದ್ರೆ?"

"ಈಗ ನೀವು ಬಂದು ಹೇಳ್ತೀರ. ನಾಳೆ ಯಾರು ನೋಡ್ತಾರೆ?"

"ನಾನಿದೀನಲ್ಲ," ಎಂದರು ಟೀಚರು.

ಅಮ್ಮ ಮಗಳ ಕಡೆ ನೋಡಿದಳು. ಕೊಕ್ಕರೆ ಬಾಗಿಲ ಹತ್ತಿರ ಒಂದೇ ಕಾಲಲ್ಲಿ ನಿಂತಿದ್ದಳು. ಅಮ್ಮನಿಗೆ ನಗು ಬಂತು. "ಕರ್ಕೊಂಡು ಹೋಗಿ," ಎಂದಳು.

ಬ್ಯಾಲೆ ಶಾಲೆ ನಡೆಸುತ್ತಿದ್ದ ಹೆಂಗಸನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಿದ್ದರು. ಕೋಲಿನ ಹಾಗೆ ನೆಟ್ಟಗೆ ಕೂರುವ ಮುದುಕಿ. ಹುಡುಗಿಯ ಪಾದ ತಿರುಗಿಸಿ, ಬೆನ್ನು ಬಾಗಿಸಿ, ಮೊಣಕಾಲು ಒತ್ತಿ ನೋಡಿ, "ಇರಲಿ" ಎಂದರು. ಅಷ್ಟೆ. ಆ ಒಂದು ಮಾತಿಗೆ ಸದ್ದು ಟೀಚರು ದಾರಿಯುದ್ದಕ್ಕೂ ಬಸ್ಸಿನಲ್ಲಿ ತಮ್ಮಷ್ಟಕ್ಕೆ ನಗುತ್ತ ಬಂದರಂತೆ.

ಅಲ್ಲಿಂದ ಮುಂದೆ ಅವರ ಸಂಜೆಗಳೆಲ್ಲ ಕೊಕ್ಕರೆಯವು. ಶಾಲೆ ಬಿಟ್ಟ ಕೂಡಲೇ ಹುಡುಗಿಯ ಕೈ ಹಿಡಿದು ಬಸ್ಸು ಹತ್ತುವುದು. ಅವಳು ಕಲಿಯುವಷ್ಟು ಹೊತ್ತು ಹೊರಗಿನ ಓಣಿಯ ಬೆಂಚಿನ ಮೇಲೆ ಮಕ್ಕಳ ಉತ್ತರಪತ್ರಿಕೆ ತಿದ್ದುವುದು. ಗೋಡೆಯಾಚೆ ಪಿಯಾನೋ, ದೊಡ್ಡ ಮೇಡಂ ಕೋಲು ಕುಟ್ಟುವ ಸದ್ದು. ವಾಪಸ್ ಬರುವಾಗ ಹುಡುಗಿ ಅವರ ತೋಳಿಗೆ ಒರಗಿ ನಿದ್ದೆ ಹೋಗುತ್ತಿದ್ದಳು. ತಮ್ಮನ ಹೆಂಡತಿ ಅಡ್ಡಮಾತಾಡಿದಳು: "ಹೆತ್ತೋಳಿಗೇ ಇಲ್ಲದ ಚಿಂತೆ ಅಕ್ಕನಿಗೆ." ಟೀಚರು ಕಿವಿಗೆ ಹಾಕಿಕೊಳ್ಳಲಿಲ್ಲ. ಹುಡುಗಿ ಅವರನ್ನು ಟೀಚರಮ್ಮ ಎಂದು ಕರೆಯತೊಡಗಿದ್ದಳು. ಆ ಎರಡಕ್ಷರ ಸೇರಿಕೊಂಡದ್ದು ಯಾವಾಗ ಎಂದು ಅವರಿಗೂ ನೆನಪಿರಲಿಲ್ಲ.

ಹೀಗೆ ವರ್ಷಗಳು ಕಳೆದವು. ಕೊಕ್ಕರೆ ಬೆಳೆದಳು. ಬೆಳೆಯುತ್ತಲೇ ಹೋದಳು. ಹನ್ನೆರಡಕ್ಕೆ ಅಮ್ಮನನ್ನು ಮೀರಿಸಿದಳು, ಆಮೇಲೆ ಟೀಚರನ್ನು. ಓದು ಹಿಂದೆ ಬಿತ್ತು. ಸಂಜೆಯೆಲ್ಲ ಕುಣಿತ, ಬೆಳಿಗ್ಗೆ ತರಗತಿಯಲ್ಲಿ ತೂಕಡಿಕೆ. ದೊಡ್ಡ ಶಾಲೆಯ ಮೇಷ್ಟರು ಕರೆಸಿ ಹೇಳಿದಾಗ ಟೀಚರೇ ಅವಳ ಪರವಾಗಿ ವಾದಿಸಿದರು. ಅವಳಿಗೆ ಬೇರೆ ದಾರಿ ಇದೆ ಸರ್, ಬಿಡಿ, ಎಂದರಂತೆ.

ಹದಿನಾಲ್ಕು ತುಂಬಿದ ಮೇಲೆ ಒಂದು ಸಂಜೆ ದೊಡ್ಡ ಮೇಡಂ ಟೀಚರನ್ನು ಒಳಗೆ ಕರೆದರು.

"ಕೂತ್ಕೊಳ್ಳಿ. ಸುತ್ತಿ ಬಳಸಿ ಮಾತಾಡೋದು ನಂಗೆ ಬರಲ್ಲ. ಈ ಹುಡುಗಿಗೆ ಮುಂದಕ್ಕೆ ಆಗಲ್ಲ."

"ಎತ್ತರ ಜಾಸ್ತಿ ಆಯ್ತು ಅಂತಾನಾ?"

"ಎತ್ತರ ಹೇಗೋ ಸಂಭಾಳಿಸ್ಬಹುದು. ಸೊಂಟದ ಕೀಲು ಬ್ಯಾಲೆಗೆ ಬೇಕಾದಷ್ಟು ಹೊರಕ್ಕೆ ಹೊರಳಲ್ಲ. ಅವಳು ಬಲವಂತವಾಗಿ ಹೊರಳಿಸ್ತಿದಾಳೆ. ನೋವು ಅಂತ ಬಾಯಿ ಬಿಡಲ್ಲ, ಹಲ್ಲು ಕಚ್ಕೊಂಡು ಮಾಡ್ತಾಳೆ. ಡಾಕ್ಟರಿಗೆ ತೋರಿಸ್ದೆ. ಕೀಲು ಈಗ್ಲೇ ಸವೆಯೋಕೆ ಶುರುವಾಗಿದೆಯಂತೆ."

"ಸೇರಿಸ್ಕೊಂಡಾಗ ನೀವೇ ನೋಡಿದ್ರಲ್ಲ ಮೇಡಂ?"

"ನೋಡಿದ್ದೆ. ಆ ವಯಸ್ಸಲ್ಲಿ ಮಕ್ಕಳ ಮೈ ಎಲ್ಲಾ ಮೆತ್ತಗೇ ಇರುತ್ತೆ. ಬೆಳೆದ ಮೇಲೆ ಏನಾಗುತ್ತೆ ಅಂತ ನಾನೇನು ಕಣಿ ಹೇಳೋಳಾ? ಹತ್ತು ಮಕ್ಕಳು ಬರ್ತಾರೆ, ಒಬ್ಬರು ಉಳೀತಾರೆ. ಇದು ನಿಮಗೆ ಗೊತ್ತಿಲ್ದೆ ಇರೋ ವಿಷಯ ಅಲ್ಲ."

ಟೀಚರಿಗೆ ಗೊತ್ತಿತ್ತು. ದೀಪದ ಗೂಡಿನಲ್ಲಿ ಕೂತಿದ್ದ ಕಾಲದಲ್ಲಿ, ಅಳುತ್ತ ಹಿಂಬಾಗಿಲಿಂದ ಹೋಗುತ್ತಿದ್ದ ಹುಡುಗಿಯರನ್ನು ಅವರು ಕಂಡಿದ್ದರು. ಆದರೆ ವೇದಿಕೆಯ ಮೇಲಿದ್ದವರನ್ನೇ ನೋಡುತ್ತ ಬೆಳೆದ ಕಣ್ಣಿಗೆ ಆ ಹುಡುಗಿಯರು ಲೆಕ್ಕಕ್ಕೆ ಬಂದಿರಲಿಲ್ಲ.

ಹೊರಗೆ ಬಂದರೆ ಕೊಕ್ಕರೆ ಬೆಂಚಿನ ಮೇಲೆ ಕೂತು ಶೂವಿನ ಪಟ್ಟಿ ಬಿಚ್ಚುತ್ತಿದ್ದಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

"ಟೀಚರಮ್ಮ, ನಾಳೆ ಬರ್ಬೇಕಾ?"

"ಬೇಡ ಕಂದ."

ಹುಡುಗಿ ಅಳಲಿಲ್ಲ. ಶೂ ಚೀಲಕ್ಕೆ ಹಾಕಿದಳು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ಅವಳು ಮುಂದೆ ಹೋಗಿ, ಯಾರೋ ಹೆಂಗಸಿನ ಪಕ್ಕ ಕೂತಳು. ಇಳಿಯುವವರೆಗೂ ಟೀಚರಿಗೆ ಅವಳ ಉದ್ದ ಕತ್ತು ಕಾಣುತ್ತಿತ್ತು.

ಅಮ್ಮ ಜಗಳಕ್ಕೆ ಬರುತ್ತಾಳೆ ಎಂದುಕೊಂಡಿದ್ದರು. ಬಂದಿದ್ದರೆ ಚೆನ್ನಾಗಿತ್ತು. ಅವಳು "ಹೋಗ್ಲಿ ಬಿಡಿ ಟೀಚರ್, ನೀವು ಒಳ್ಳೇದಕ್ಕೇ ಮಾಡಿದ್ರಿ" ಎಂದು ನೀರು ಕೊಟ್ಟಳು. ಶಾಲೆಯ ಪರೀಕ್ಷೆಯಲ್ಲಿ ಹುಡುಗಿ ಫೇಲಾದಳು. ಮತ್ತೆ ಕಟ್ಟು ಎಂದು ಟೀಚರು ಮನೆಗೆ ಹೋಗಿ ಕೂತು ಪಾಠ ಹೇಳಲು ನೋಡಿದರು. ಪುಸ್ತಕ ತೆರೆದು ಗೋಡೆ ನೋಡುತ್ತ ಕೂರುವವಳಿಗೆ ಏನೆಂದು ಹೇಳುವುದು? ವಯಸ್ಸು ಆಗುತ್ತಲೇ ಅವಳೂ ಅಮ್ಮನ ಪಕ್ಕದಲ್ಲಿ ಬಿಸ್ಕತ್ತು ಪ್ಯಾಕ್ ಮಾಡಲು ಸೇರಿಕೊಂಡಳು.

ಒಂದು ದಿನ ಪಾಳಿ ಬಿಡುವ ಹೊತ್ತಿಗೆ ಟೀಚರು ಕಾರ್ಖಾನೆಯ ಗೇಟಿನ ಹತ್ತಿರ ಕಾದು ನಿಂತರು. ತಲೆಗೆ ಬಿಳಿ ಟೋಪಿ, ಒಂದು ಕಾಲು ಎಳೆದು ಹಾಕುತ್ತ ಕೊಕ್ಕರೆ ಬಂದಳು.

"ಡಾಕ್ಟರ ಹತ್ರ ಹೋಗಿದ್ಯಾ?"

"ಹೂಂ."

"ಸಿಟ್ಟಿದ್ರೆ ಬೈದುಬಿಡು ತಾಯಿ. ಹೀಗೆ ಸುಮ್ನಿರ್ಬೇಡ."

"ಸಿಟ್ಟಿಲ್ಲ ಟೀಚರಮ್ಮ." ಹುಡುಗಿ ಟೋಪಿ ತೆಗೆದು ಮಡಿಸಿದಳು. "ನನ್ನ ಜೊತೆ ಓದಿದೋರೆಲ್ಲ ಒಳಗೇ ಇದಾರೆ. ತಮಾಷೆ ಮಾಡ್ಕೊಂಡು ಕೆಲಸ ಮಾಡ್ತಾರೆ. ನಂಗೆ ಆಗಲ್ಲ. ಅವತ್ತು ನೀವು ಕರ್ಕೊಂಡು ಹೋಗ್ದೆ ಇದ್ದಿದ್ರೆ ನಂಗೂ ಇದೇ ಸಾಕು ಅನ್ಸೋದು."

ಹುಡುಗಿ ಟೋಪಿಯನ್ನು ಚೀಲಕ್ಕೆ ಹಾಕಿ, "ಬರ್ತೀನಿ, ಅಮ್ಮ ಕಾಯ್ತಾಳೆ" ಎಂದು ಹೊರಟಳು.

ಆ ವರ್ಷವೂ ಮೂರನೇ ತರಗತಿ ಬ್ಯಾಲೆಗೆ ಹೋಯಿತು. ತಯಾರಿ ಎಲ್ಲ ಮೊದಲಿನಂತೆಯೇ. ಆದರೆ ದೀಪ ಆರಿದ ಮೇಲೆ ಟೀಚರಿಗೆ ವೇದಿಕೆ ನೋಡಲಾಗಲಿಲ್ಲ. ಸಾಲಿನ ಕೊನೆಯಲ್ಲಿ ಕೂತು ಮಕ್ಕಳ ಮುಖಗಳನ್ನೇ ನೋಡುತ್ತಿದ್ದರು. ಒಬ್ಬ ಮೂಗು ಕೆರೆಯುತ್ತಿದ್ದ. ಇಬ್ಬರು ಗುಸುಗುಸು ಎನ್ನುತ್ತಿದ್ದರು. ಅದನ್ನು ನೋಡಿ ಸಮಾಧಾನವಾಯಿತಂತೆ. ನಡುವಿನಲ್ಲಿ ಒಂದು ಪುಟ್ಟ ಹುಡುಗಿ ಮಾತ್ರ ಸೀಟಿನ ಅಂಚಿಗೆ ಬಂದು, ಬಾಯಿ ತೆರೆದು, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವಳ ಬೆರಳುಗಳು ಮೊಣಕಾಲ ಮೇಲೆ ತಾವಾಗಿಯೇ ಆಡುತ್ತಿದ್ದವು.

ಟೀಚರು ಎದ್ದು, ಮಕ್ಕಳ ಮೊಣಕಾಲು ದಾಟಿಕೊಂಡು ಅಲ್ಲಿಗೆ ಹೋಗಿ, ಅವಳ ಭುಜ ಹಿಡಿದು ಹಿಂದಕ್ಕೆ ಎಳೆದರು.

"ಒರಗಿ ಕೂತ್ಕೋ."

"ಕಾಣ್ಸಲ್ಲ ಟೀಚರ್."

"ಕಾಣ್ಸಿದಷ್ಟು ಸಾಕು."

ಆ ಮಾತು ತಮ್ಮ ಬಾಯಿಂದ ಬಂದದ್ದು ಕೇಳಿ ಅವರು ಅವಳ ಭುಜದಿಂದ ಕೈ ಹಿಂತೆಗೆದರು. ಆ ಮಗು ಉಳಿದ ಆಟವನ್ನೆಲ್ಲ ಮುಂದಿನವರ ತಲೆಯನ್ನೇ ನೋಡುತ್ತ ಕಳೆಯಿತು. ಮರುದಿನ ಟೀಚರು ಯಾರನ್ನೂ ಏನು ನೋಡಿದಿರಿ ಎಂದು ಕೇಳಲಿಲ್ಲ. ಮುಂದಿನ ವರ್ಷ ರಂಗಮಂದಿರದಿಂದ ಕರೆ ಬಂದಾಗ ಆಗುವುದಿಲ್ಲ ಎಂದರು. ಹೆಡ್‌ಮಾಸ್ಟರು ಕಾರಣ ಕೇಳಲಿಲ್ಲ, ಒಂದು ತಲೆನೋವು ತಪ್ಪಿತು ಅಂದುಕೊಂಡಿರಬೇಕು.

ನಾನು ಈ ಕಥೆಯೊಳಗೆ ಬಂದದ್ದು ಇದಾದ ಕೆಲವು ವರ್ಷದ ಮೇಲೆ. ಹೊಸ ಹುರುಪು. ನನ್ನ ತರಗತಿಯನ್ನು ಬ್ಯಾಲೆಗೆ ಕರೆದುಕೊಂಡು ಹೋಗಬೇಕೆಂದು ಅವರ ಹತ್ತಿರ ಸಲಹೆ ಕೇಳಿದೆ. "ಮಕ್ಕಳು ಅದ್ರಿಂದ ಏನು ಕಲೀತಾರೆ ಅಂತ ಹೆಡ್‌ಮಾಸ್ಟರಿಗೆ ಹೇಳ್ಲಿ ಟೀಚರ್?"

ಅವರು ಎದ್ದು ಕಿಟಕಿ ಮುಚ್ಚಿ ಬಂದು ಕೂತರು. ಆಮೇಲೆ ಕೊಕ್ಕರೆಯ ಕಥೆ ಶುರು ಮಾಡಿದರು. ಒಂದೇ ದಿನ ಮುಗಿಯಲಿಲ್ಲ. ಎಲ್ಲ ಕೇಳಿದ ಮೇಲೆ ನಾನು ತೋಚಿದ್ದು ಹೇಳಿದೆ: "ಆದ್ರೆ ಉಳಿದ ಮಕ್ಕಳು ಎಷ್ಟು ಜನ ಟೀಚರ್! ಅವರಿಗೆಲ್ಲ ಒಳ್ಳೇದೇ ಆಗಿರುತ್ತಲ್ಲ?"

"ವಿಚಾರಿಸಿ ನೋಡು," ಎಂದರು.

ವಿಚಾರಿಸಿದೆ. ಅವರ ಹಳೆಯ ಮಕ್ಕಳು ಬೇಕಾದಷ್ಟು ಜನ ಆ ಬೀದಿಗಳಲ್ಲೇ ಇದ್ದರು. ಬಸ್ ಕಂಡಕ್ಟರನೊಬ್ಬನಿಗೆ ಸೀಟಿನ ಸ್ಪ್ರಿಂಗ್ ನೆನಪಿತ್ತು. ಟೈಲರ್ ಹೆಂಗಸಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ವಾಂತಿಯಾದದ್ದು. "ಬ್ಯಾಲೆನಾ? ಹೋಗಿದ್ವಾ?" ಎಂದವರೂ ಇದ್ದರು. ಬಂದು ಹೇಳಿದಾಗ ಟೀಚರು ಜೋರಾಗಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಅಲ್ಲಿಗೆ ಮನಸಾರೆ ನೋಡಿದ್ದು ಅವಳೊಬ್ಳೇ," ಎಂದರು ನಗು ನಿಂತ ಮೇಲೆ.

ನಾನು ಮಕ್ಕಳನ್ನು ಕರೆದುಕೊಂಡು ಹೋಗಲಿಲ್ಲ. ಆ ವರ್ಷ ಬಸ್ಸು ಸಿಗಲಿಲ್ಲ, ಮರುವರ್ಷ ನಾನೇ ಪ್ರಯತ್ನ ಮಾಡಲಿಲ್ಲ.

ನಿವೃತ್ತಿಯಾದ ಮೇಲೆ ಸದ್ದು ಟೀಚರು ಬೇಗ ಇಳಿದುಹೋದರು. ಮೊದಲು ಮೆಟ್ಟಿಲು ಹತ್ತುವುದು ಕಷ್ಟವಾಯಿತು, ಆಮೇಲೆ ಇಳಿಯಲೂ ಆಗಲಿಲ್ಲ. ಮಹಡಿಯ ಕೋಣೆಯಲ್ಲೇ ಮಲಗಿದರು. ತಮ್ಮನ ಹೆಂಡತಿ ಗೊಣಗುತ್ತಲೇ ನೋಡಿಕೊಂಡಳು, ಆದರೆ ಏನೂ ಕಡಿಮೆ ಮಾಡಲಿಲ್ಲ. ನಾನು ಹೋದಾಗ ಒಮ್ಮೆ ನನ್ನ ಕೈ ಹಿಡಿದು, "ಅವಳು ಒಂದ್ಸಲ ಬಂದು ಹೋಗ್ತಾಳಾ, ಕೇಳ್ತೀಯಾ?" ಎಂದರು. ಯಾರು ಎಂದು ನಾನು ಕೇಳಲಿಲ್ಲ.

ಕಾರ್ಖಾನೆಯವರು ನನಗೆ ಪರಿಚಯದವರಾದ್ದರಿಂದ ಒಳಗೆ ಬಿಟ್ಟರು. ಉದ್ದನೆಯ ಕೋಣೆ, ಕಿವಿಗಡಚಿಕ್ಕುವ ಯಂತ್ರಗಳು, ಹರಿಯುವ ಪಟ್ಟಿಯ ಮೇಲೆ ಸಾಲುಸಾಲು ಬಿಸ್ಕತ್ತು. ಪಟ್ಟಿಯ ಎರಡೂ ಕಡೆ ಹೆಂಗಸರು ನಿಂತಿದ್ದರು. ಎಲ್ಲರಿಗಿಂತ ಒಂದು ತಲೆ ಎತ್ತರದವಳನ್ನು ಗುರುತಿಸಲು ಕಷ್ಟವಾಗಲಿಲ್ಲ. ಮೈಭಾರವನ್ನೆಲ್ಲ ಒಂದೇ ಕಾಲಿನ ಮೇಲೆ ಹಾಕಿ ನಿಂತಿದ್ದಳು. ಮುಖ ನೋಡಿದರೆ ನನಗಿಂತ ದೊಡ್ಡವಳೆನ್ನಬೇಕು, ವಯಸ್ಸಿನಲ್ಲಿ ಚಿಕ್ಕವಳು. ವಿಷಯ ಹೇಳಿದೆ.

"ತುಂಬಾ ಹುಷಾರಿಲ್ವಾ?" ಕೈ ನಿಲ್ಲಿಸದೆ ಕೇಳಿದಳು.

"ತುಂಬಾ."

ಒಂದಷ್ಟು ಪೊಟ್ಟಣ ಕಟ್ಟಿದಳು.

"ನಾನು ಬರಲ್ಲ ಮೇಡಂ. ಅವರು ಕೆಟ್ಟೋರಲ್ಲ. ನನ್ನನ್ನ ಅವರಷ್ಟು ಚೆನ್ನಾಗಿ ಯಾರೂ ನೋಡ್ಕೊಂಡಿಲ್ಲ, ಅಮ್ಮನೂ ನೋಡ್ಕೊಂಡಿಲ್ಲ. ಆದ್ರೆ ಅವರ ಮುಖ ನೋಡಿದ್ರೆ ನಂಗೆ ಪಿಯಾನೋ ಕೇಳ್ಸುತ್ತೆ. ಆಮೇಲೆ ವಾರಗಟ್ಲೆ ಅದು ಕಿವಿಯಿಂದ ಹೋಗಲ್ಲ. ಇಲ್ಲಿ ನಿಲ್ಲೋಕಾಗಲ್ಲ."

"ನಿಂತೇ ಕೆಲಸ ಮಾಡ್ಬೇಕಾ? ಕಾಲು ನೋಯಲ್ವಾ?"

"ನೋಯುತ್ತೆ," ಎಂದಳು. "ಕೂರೋ ಕೆಲಸಕ್ಕೆ ಓದಿರ್ಬೇಕು."

ಮೇಲ್ವಿಚಾರಕ ನಮ್ಮ ಕಡೆಗೇ ಬರುತ್ತಿದ್ದ. ನಾನು ಹೊರಗೆ ಬಂದೆ.

ಟೀಚರು ದಿಂಬಿಗೆ ಒರಗಿ ಬಾಗಿಲನ್ನೇ ನೋಡುತ್ತಿದ್ದರು. ನಾನೊಬ್ಬಳೇ ಬಂದದ್ದು ಕಂಡು ಕಣ್ಣು ಬೇರೆ ಕಡೆ ಹೊರಳಿಸಿದರು.

"ಪಾಳಿ ಇತ್ತು ಟೀಚರ್. ರಜೆ ಕೊಡಲ್ವಂತೆ."

"ಹೌದು. ಅಲ್ಲಿ ರಜೆ ಕೊಡಲ್ಲ." ಹೊದಿಕೆ ಎಳೆದುಕೊಳ್ಳುತ್ತ ಕೇಳಿದರು: "ನಿಂತ್ಕೊಂಡು ಕೆಲಸ ಮಾಡ್ತಾಳಾ, ಕೂತ್ಕೊಂಡಾ?"

"ಕೂತ್ಕೊಂಡು," ಎಂದೆ.

"ಒಳ್ಳೇದಾಯ್ತು. ಅವಳ ಸೊಂಟಕ್ಕೆ ಒಳ್ಳೇದು," ಎಂದು ಗೋಡೆಯ ಕಡೆ ತಿರುಗಿ ಮಲಗಿದರು.